ಫುಚ್ಕಾನ ಸಕ್ಕರೆಯೂ ನನ್ನ ನೋಟೀಸೂ

ನನಗೆ ಸಿಗರೇಟಿಲ್ಲ, ಎಲೆಅಡಿಕೆಯಿಲ್ಲ, ಇಸ್ಪೀಟಿಲ್ಲ. ಇರುವುದು ಒಂದೇ ಚಟ, ನೋಟೀಸು ಬರೆಯುವುದು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಸುತ್ತೋಲೆಗಳನ್ನು ಬರೆದು ಬರೆದು, ಯಾವುದೇ ಕಷ್ಟ ಎದುರಾದರೂ ಅದನ್ನು ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿದರೆ ಅರ್ಧ ಪರಿಹಾರವಾದಂತೆ ಎಂಬ ನಂಬಿಕೆ ನನ್ನ ರಕ್ತದಲ್ಲೇ ಸೇರಿಬಿಟ್ಟಿದೆ. ಮನೆಯ ಫ್ರಿಜ್ಜಿನ ಬಾಗಿಲಿಗೂ ಒಮ್ಮೆ ಅಂಟಿಸಿದ್ದೆ: "ಮೊಸರಿನ ಪಾತ್ರೆಯನ್ನು ಬಳಸಿದ ನಂತರ ತಪ್ಪದೆ ಮುಚ್ಚತಕ್ಕದ್ದು." ಸಂಜೆ ಬಂದು ನೋಡಿದರೆ ಅದರ ಕೆಳಗೆ ನನ್ನ ಹೆಂಡತಿ ಶೈಲಾ ಪೆನ್ಸಿಲಿನಲ್ಲಿ ಬರೆದಿದ್ದಳು: "ತೆರೆದಿಟ್ಟವರು ನೀವೇ." ಅಂದೇ ನಾನು ಪಾಠ ಕಲಿಯಬೇಕಿತ್ತು. ಕಲಿಯಲಿಲ್ಲ. ಕಲಿಯದೇ ಇದ್ದುದರಿಂದ ಒಂದು ಜೀವಕ್ಕೆ ಅಪಾಯವಾಗುವುದರಲ್ಲಿತ್ತು. ಅದನ್ನೇ ಈಗ ನಿಮ್ಮ ಮುಂದೆ ಒಪ್ಪಿಕೊಳ್ಳಲು ಕೂತಿದ್ದೇನೆ.

ಆ ಜೀವದ ಹೆಸರು ಫುಚ್ಕಾ. ನಾವು ಪಾನಿಪೂರಿ ಎನ್ನುವುದಕ್ಕೆ ಇಲ್ಲಿ ಕೋಲ್ಕತ್ತದಲ್ಲಿ ಹೇಳುವ ಹೆಸರು ಅದು. ಲೇಕ್ ಮಾರ್ಕೆಟ್ಟಿನಲ್ಲಿ ಕರಿಬೇವು, ಸಾಂಬಾರ್ ಈರುಳ್ಳಿ ಕೊಂಡು ಬರುವಾಗ ನನ್ನ ಮಗಳು ಅನಘಾ ಅಂಗಡಿಯ ಮೂಟೆಗಳ ಸಂದಿಯಿಂದ ಎತ್ತಿಕೊಂಡು ಬಂದ ಬೂದು ಬಣ್ಣದ ಬೆಕ್ಕಿನ ಮರಿ, ಆರು ವರ್ಷದಲ್ಲಿ ಹೆಸರಿಗೆ ತಕ್ಕ ಹಾಗೆ ಉಬ್ಬಿ ಗುಂಡಗಾಯಿತು. ಅನಘಾ ಇಲ್ಲೇ ಬೆಳೆದವಳು. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಬೆಕ್ಕಿಗೂ ಅವಳದೇ ಸ್ವಭಾವ. ಮೂರು ಭಾಷೆಯಲ್ಲಿ ಕರೆದರೂ ಅರ್ಥವಾಗುತ್ತದೆ, ಬರುವುದು ತನಗೆ ಬೇಕೆನಿಸಿದಾಗ.

ಕಳೆದ ದಸರಾ ಕಳೆದ ಮೇಲೆ ಫುಚ್ಕಾ ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿದ. ಅಷ್ಟೇ ಧಾರಾಳವಾಗಿ ವಿಸರ್ಜಿಸತೊಡಗಿದ. ತಿನ್ನುವುದು ಜಾಸ್ತಿ, ಮೈ ಇಳಿಯುವುದೂ ಜಾಸ್ತಿ. ಪ್ರಾಣಿವೈದ್ಯೆ ರಕ್ತ ಪರೀಕ್ಷಿಸಿ, "ಡಯಾಬಿಟಿಸ್. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಬೇಕು" ಎಂದರು. ಶೈಲಾ ಕುರ್ಚಿ ಹಿಡಿದುಕೊಂಡಳು. ನಾನು ಮಾತ್ರ ಎದೆಯುಬ್ಬಿಸಿದೆ. ಏಕೆಂದರೆ ಆ ವಿಷಯದಲ್ಲಿ ನನಗೆ ಅನುಭವವಿತ್ತು. ನನ್ನ ಅಮ್ಮ ತಮ್ಮ ಕೊನೆಯ ಮೂರು ವರ್ಷವನ್ನು ನಮ್ಮೊಡನೆ ಇದೇ ಮನೆಯಲ್ಲಿ ಕಳೆದರು. ಅವರಿಗೆ ಬೆಳಿಗ್ಗೆ ಸಂಜೆ ಇನ್ಸುಲಿನ್ ಚುಚ್ಚುತ್ತಿದ್ದವನು ನಾನೇ. ಅಮ್ಮನೂ ಸುಲಭದ ರೋಗಿಯಲ್ಲ. ಸೀರೆಯ ಮಡಿಕೆಗಳ ನಡುವೆ ಸಂದೇಶ್ ಎಂಬ ಇಲ್ಲಿನ ಹಾಲಿನ ಸಿಹಿಯನ್ನು ಅಡಗಿಸಿಡುತ್ತಿದ್ದರು. ಊಟದ ಕೊನೆಗೆ ಡಾಕ್ಟರು ಬೇಡವೆಂದ ಮೊಸರನ್ನವನ್ನು ನಾನು ಕೈ ತೊಳೆಯಲು ಹೋದ ಹೊತ್ತು ನೋಡಿ ತಿನ್ನುತ್ತಿದ್ದರು. ಸಿಕ್ಕಿಬಿದ್ದರೆ, "ಒಂದೇ ತುತ್ತು ಕಣೋ, ಅದು ಲೆಕ್ಕಕ್ಕೆ ಬರಲ್ಲ" ಎನ್ನುತ್ತಿದ್ದರು.

ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ಅವರು ನನಗೆ ಬಿಟ್ಟುಹೋದ ಕೆಲಸ ಒಂದೇ. ನಮ್ಮ ಮನೆತನದಲ್ಲಿ ಬೆಳಗಿನ ತಿಂಡಿಗೆ ಮುಂಚೆ ಕಾಗೆಗೆ ಒಂದು ಹಿಡಿ ಅನ್ನ ಇಡುವ ಪದ್ಧತಿ. ಹೋದ ಹಿರಿಯರು ಕಾಗೆಯಾಗಿ ಬಂದು ಉಂಡು ಹೋಗುತ್ತಾರೆ ಎಂದು ನಂಬಿಕೆ. ಅಮ್ಮ ಇರುವವರೆಗೂ ಇಟ್ಟರು, ಆಮೇಲೆ ಅವರಿಗಾಗಿಯೇ ನಾನು ಇಡುತ್ತಾ ಬಂದೆ. ಅಡುಗೆಮನೆಯ ಪಕ್ಕದ ಬಾಲ್ಕನಿಯ ಕಟ್ಟೆಯ ಮೇಲೆ ಮೊಸರನ್ನದ ಉಂಡೆ ಇಟ್ಟು, "ಕಾ... ಕಾ..." ಎಂದು ಎರಡು ಸಲ ಕೂಗಿ ಒಳಗೆ ಬರುವುದು. ಇಟ್ಟ ಮೇಲೆ ಹಿಂದಿರುಗಿ ನೋಡಬಾರದು ಎಂಬುದು ಅಮ್ಮನ ಕಟ್ಟಪ್ಪಣೆ. ನೋಡಿದರೆ ಬಂದವರಿಗೆ ಉಣ್ಣಲು ಸಂಕೋಚವಾಗುತ್ತದಂತೆ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಟ್ಟೆ ಒರೆಸಿದ ಹಾಗೆ ಖಾಲಿಯಾಗಿರುತ್ತಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆ ಖಾಲಿ ಕಟ್ಟೆ ನೋಡಿದರೆ ನನಗೆ ಇಡೀ ದಿನ ಸಮಾಧಾನ. ಅಮ್ಮ ಬಂದಿದ್ದರು, ಉಂಡರು, ಇವತ್ತೂ ನನ್ನ ಮೇಲೆ ಕೋಪವಿಲ್ಲ ಎಂದುಕೊಳ್ಳುತ್ತಿದ್ದೆ.

ಇರಲಿ, ಬೆಕ್ಕಿನ ವಿಷಯಕ್ಕೆ ಬರೋಣ. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಫುಚ್ಕಾನ ಕಾರ್ಯಕ್ರಮ. ಮೊದಲು ಕಿವಿಯ ಅಂಚಿಗೆ ಸೂಜಿ ತಾಗಿಸಿ ಒಂದು ಹನಿ ರಕ್ತ, ಆಮೇಲೆ ಊಟ, ಅದು ತಿನ್ನುತ್ತಿರುವಾಗಲೇ ಕುತ್ತಿಗೆಯ ಹಿಂದಿನ ಚರ್ಮ ಎತ್ತಿ ಇನ್ಸುಲಿನ್. ಅನಘಾ ಹಿಡಿಯುವವಳು, ಶೈಲಾ ಬಟ್ಟಲು ಒಡ್ಡುವವಳು, ನಾನು ಚುಚ್ಚುವವನು ಮತ್ತು ಬರೆದಿಡುವವನು. ಮೊದಲ ವಾರ ಮೂರು ಜನಕ್ಕೂ ಪರಚು ಗಾಯ. ಎರಡನೇ ವಾರಕ್ಕೆ ಫುಚ್ಕಾ ನಮ್ಮ ಅಜ್ಞಾನಕ್ಕೆ ಮರುಗಿ ತಾನೇ ಬಂದು ಕೂರತೊಡಗಿದ.

ಒಂದು ತಿಂಗಳಾದ ಮೇಲೆ ಡಾಕ್ಟರು ಆಹಾರ ಬದಲಾಯಿಸಿದರು. ಚಿಕ್ಕ ವಯಸ್ಸಿನ, ಬಲು ಗಂಭೀರ ಹೆಣ್ಣುಮಗಳು. "ಆ ಒಣ ಬಿಸ್ಕತ್ತಿನಂಥ ಆಹಾರದಲ್ಲಿ ಹಿಟ್ಟಿನ ಅಂಶವೇ ಜಾಸ್ತಿ. ಪೂರ್ತಿ ನಿಲ್ಲಿಸಿ. ಡಬ್ಬಿಯ ಮಾಂಸದ ಆಹಾರ, ಬೇಯಿಸಿದ ಕೋಳಿ, ಅಷ್ಟೇ. ಅನ್ನ, ಹಾಲು, ಬ್ರೆಡ್ಡು ಏನೂ ಕೂಡದು. ಆದರೆ ಎಚ್ಚರ" ಎಂದು ಬೆರಳೆತ್ತಿದರು. "ಊಟ ಬದಲಾದರೆ ಸಕ್ಕರೆ ಇಳಿಯುತ್ತದೆ, ಇನ್ಸುಲಿನ್ ಕಡಿಮೆ ಸಾಕಾಗುತ್ತದೆ. ಹಳೆಯ ಡೋಸನ್ನೇ ಚುಚ್ಚುತ್ತಾ ಹೋದರೆ ಸಕ್ಕರೆ ತೀರಾ ಕೆಳಗೆ ಬಿದ್ದು ಪ್ರಾಣಕ್ಕೇ ಬರಬಹುದು. ಇನ್ನೂರಕ್ಕಿಂತ ಕೆಳಗೆ ಕಂಡರೆ ನನಗೆ ಫೋನ್ ಮಾಡದೆ ಚುಚ್ಚಬೇಡಿ. ಎಲ್ಲ ಸರಿಹೋದರೆ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡವಾಗುತ್ತದೆ." ಆ ಕೊನೆಯ ಮಾತು ಕೇಳಿ ಅನಘಾಳ ಕಣ್ಣು ಅರಳಿತು.

ಡಬ್ಬಿಯ ಆಹಾರ ಬಂತು. ಶೈಲಾ ಉಪ್ಪು ಖಾರವಿಲ್ಲದ ಕೋಳಿ ಬೇಯಿಸಿದಳು. ಸಕ್ಕರೆ ಇಳಿಯಬೇಕಲ್ಲ? ಮುನ್ನೂರ ನಲವತ್ತು, ಮುನ್ನೂರ ಇಪ್ಪತ್ತು, ಮತ್ತೆ ಮುನ್ನೂರ ಐವತ್ತು. ಹದಿನೈದು ದಿನ ಅದೇ ರಾಗ. ಡಾಕ್ಟರು ನನ್ನ ಪುಸ್ತಕ ತಿರುವಿಹಾಕಿ, "ಬೇರೆ ಏನಾದರೂ ತಿನ್ನುತ್ತಿದೆಯಾ?" ಎಂದು ಕೇಳಿದರು. "ನಮ್ಮ ಮನೆಯಲ್ಲಾ? ಸಾಧ್ಯವೇ ಇಲ್ಲ!" ಎಂದೆ, ಲೋಕಸಭೆಯಲ್ಲಿ ಉತ್ತರ ಕೊಡುವವನ ಹಾಗೆ. ಅವರು ಒಲ್ಲದ ಮನಸ್ಸಿನಿಂದ ಇನ್ಸುಲಿನ್ನನ್ನು ಎರಡು ಯೂನಿಟ್ಟಿನಿಂದ ಮೂರಕ್ಕೆ ಏರಿಸಿದರು.

ನಮ್ಮ ಮನೆಯಲ್ಲವಾದರೆ ಇನ್ಯಾರ ಮನೆ? ನನ್ನ ಅನುಮಾನ ನೇರವಾಗಿ ಮೆಟ್ಟಿಲು ಹತ್ತಿ ಮೇಲಿನ ಮನೆಯ ಮಾಸಿಮಾ ಬಾಗಿಲಿಗೆ ಹೋಗಿ ನಿಂತಿತು. ಮಾಸಿಮಾ ಅಂದರೆ ಚಿಕ್ಕಮ್ಮ. ಆದರೆ ಎಪ್ಪತ್ತು ದಾಟಿದ ಈ ಚಿಕ್ಕಮ್ಮ ಇಡೀ ಕಟ್ಟಡಕ್ಕೇ ದೊಡ್ಡಮ್ಮ. ಪ್ರತಿ ಗುರುವಾರ ಲಕ್ಷ್ಮೀಪೂಜೆ ಮಾಡಿ, ಪ್ರಸಾದದ ಸಂದೇಶ್‌ನಲ್ಲಿ ಒಂದು ಚೂರನ್ನು ಫುಚ್ಕಾನ ಬಾಯಿಗೆ ಇಡುವುದನ್ನು ನಾನೇ ಹಿಂದೆ ಕಣ್ಣಾರೆ ಕಂಡಿದ್ದೆ. ಅವನೂ ಗುರುವಾರ ಬಂದರೆ ಅವರ ಬಾಗಿಲಲ್ಲಿ ಭಕ್ತಿಯಿಂದ ಕಣ್ಣು ಮುಚ್ಚಿ ಕೂತಿರುತ್ತಿದ್ದ. ಇನ್ನೇನು ಸಾಕ್ಷಿ ಬೇಕು?

ಮೇಲೆ ಹೋಗಿ ಮೆತ್ತಗೆ ಒಂದು ಮಾತು ಕೇಳಬಹುದಿತ್ತು. ಶೈಲಾ ಹಾಗೇ ಹೇಳಿದಳು. "ರೀ, ಪಾಪ ವಯಸ್ಸಾದೋರು, ಹೋಗಿ ಬಾಯಲ್ಲಿ ಹೇಳಿ." ನಾನು ಕಿವಿಗೆ ಹಾಕಿಕೊಳ್ಳದೆ ನೋಟೀಸು ಬರೆದೆ. ಇಂಗ್ಲಿಷಿನಲ್ಲಿ ನಾನು, ಅದರ ಕೆಳಗೆ ಬಂಗಾಳಿಯಲ್ಲಿ ಅನಘಾ. ವಿಷಯ: ಎರಡನೇ ಮಹಡಿಯ ಬೆಕ್ಕಿಗೆ ಅನಧಿಕೃತ ಆಹಾರ ನೀಡುವ ಬಗ್ಗೆ. ಕೆಲವರ ಬೇಜವಾಬ್ದಾರಿ ಪ್ರೀತಿಯಿಂದ ಒಂದು ಮೂಕಪ್ರಾಣಿಯ ಜೀವಕ್ಕೆ ಕುತ್ತು ಬಂದಿದೆಯೆಂದೂ, ಇನ್ನು ಮುಂದೆ ಯಾರೂ ಯಾವುದೇ ಪದಾರ್ಥವನ್ನು ಯಾವುದೇ ಕಾರಣಕ್ಕೆ ಕೊಡತಕ್ಕದ್ದಲ್ಲವೆಂದೂ ಬರೆದು, ಕೆಳಗೆ ಸಹಿ ಮಾಡಿ, ಮೆಟ್ಟಿಲ ತಿರುವಿನಲ್ಲಿ ಅಂಟಿಸಿದೆ. 'ಬೇಜವಾಬ್ದಾರಿ ಪ್ರೀತಿ' ಎಂಬ ಮಾತು ಬರೆದಾಗ ನನಗೇ ನನ್ನ ಮೇಲೆ ಮೆಚ್ಚುಗೆಯಾಯಿತು. ಮರುದಿನ ಮೆಟ್ಟಿಲಲ್ಲಿ ಎದುರಾದ ಮಾಸಿಮಾ ಕನ್ನಡಕ ಸರಿಮಾಡಿಕೊಂಡು ನೋಟೀಸನ್ನು ಪೂರ್ತಿ ಓದಿದರು, ನನ್ನನ್ನು ಒಮ್ಮೆ ನೋಡಿದರು, ಏನೂ ಹೇಳದೆ ಹತ್ತಿ ಹೋದರು. ಬಂಗಾಳಿಗಳು ಮಾತಾಡದೆ ಹೋದರೆ ಅದು ತುಂಬ ದೊಡ್ಡ ವಿಷಯ.

ನೋಟೀಸು ಹಾಕಿ ಹತ್ತು ದಿನವಾದರೂ ಸಕ್ಕರೆ ಮುನ್ನೂರರ ಕೆಳಗೆ ಬರಲಿಲ್ಲ. ಎಂಥ ಭಂಡರು ಎಂದುಕೊಂಡೆ. ಅಷ್ಟರಲ್ಲಿ ನನಗೆ ಕಚೇರಿಯ ಕೆಲಸದ ಮೇಲೆ ಐದು ದಿನ ಪಟ್ನಾಕ್ಕೆ ಹೋಗಬೇಕಾಯಿತು. ಸೂಜಿಯ ಕೆಲಸವನ್ನು ಶೈಲಾಳಿಗೆ ಒಪ್ಪಿಸಿ, ಏಳು ಅಂಶಗಳ ಸೂಚನೆಯೊಂದನ್ನು ಫ್ರಿಜ್ಜಿಗೆ ಅಂಟಿಸಿ, ಸೋಮವಾರ ಬೆಳಕು ಹರಿಯುವ ಮುಂಚೆ ಹೌರಾದಲ್ಲಿ ರೈಲು ಹತ್ತಿದೆ. ಕಾಗೆಯ ಅನ್ನದ ಬಗ್ಗೆ ಸೂಚನೆಯಲ್ಲಿ ಏನೂ ಬರೆಯಲಿಲ್ಲ. ಅದು ಮಗ ಮಾಡುವ ಕೆಲಸ, ಐದು ದಿನ ಅಮ್ಮ ಹೊಟ್ಟೆಗೆ ಹಾಕಿಕೊಳ್ಳುತ್ತಾರೆ ಎಂದುಕೊಂಡೆ.

ಮಂಗಳವಾರ ಸಂಜೆ ಶೈಲಾ ಫೋನ್ ಮಾಡಿದಳು. "ರೀ, ಇವತ್ತು ಇನ್ನೂರ ಹದಿನೈದು!" ಬುಧವಾರ ಬೆಳಿಗ್ಗೆ ಮತ್ತೆ ಫೋನ್. "ನೂರ ಅರವತ್ತೆಂಟು ಕಣ್ರೀ. ಡಾಕ್ಟ್ರಿಗೆ ಫೋನ್ ಮಾಡ್ಲಾ?"

ನಾನು ಹೋಟೆಲಿನ ಕನ್ನಡಿಯೆದುರು ಟೈ ಕಟ್ಟಿಕೊಳ್ಳುತ್ತಿದ್ದೆ. ಕನ್ನಡಿಯಲ್ಲಿ ಗೆದ್ದವನ ಮುಖ ಕಾಣಿಸಿತು. "ನೋಡಿದ್ಯಾ, ನನ್ನ ನೋಟೀಸು ಈಗ ನಾಟಿತು! ಮಾಸಿಮಾ ಕೊನೆಗೂ ನಿಲ್ಲಿಸಿದಾರೆ" ಎಂದೆ.

"ಅದಿರ್ಲಿ, ಮೂರು ಯೂನಿಟ್ಟೂ ಕೊಡೋದಾ? ಇನ್ನೂರಕ್ಕಿಂತ ಕಮ್ಮಿ ಇದ್ರೆ ಕೇಳಿ ಅಂದಿದ್ರು."

"ಇಷ್ಟು ದಿನಕ್ಕೆ ಹತೋಟಿಗೆ ಬಂದಿದೆ, ಈಗ ಬಿಟ್ಟರೆ ಮತ್ತೆ ಏರುತ್ತೆ. ಮೂರೇ ಕೊಡು. ಡಾಕ್ಟರ ಹತ್ತಿರ ನಾನು ಬಂದು ಮಾತಾಡ್ತೀನಿ."

ಅವಳು ಕೊಟ್ಟಳು. ನಾನು ಮೀಟಿಂಗಿಗೆ ಹೋದೆ.

ಮಧ್ಯಾಹ್ನ ಒಂದೂವರೆಗೆ ಅನಘಾಳ ಫೋನ್. ಅವಳು ಅಳುತ್ತಾ ಪೂರ್ತಿ ಕನ್ನಡದಲ್ಲೇ ಮಾತಾಡುತ್ತಿದ್ದಳು. ಅದನ್ನು ಕೇಳಿಯೇ ನಾನು ಮೀಟಿಂಗಿನಿಂದ ಎದ್ದು ಹೊರಗೆ ಬಂದೆ. "ಅಪ್ಪ, ಫುಚ್ಕಾಗೆ ನಿಲ್ಲೋಕಾಗ್ತಿಲ್ಲ. ಕಾಲು ಜಾರ್ತಾ ಇದೆ. ಕರೆದ್ರೆ ನೋಡ್ತಾನೇ ಇಲ್ಲ. ಮೀಟರ್ ನಲವತ್ತೊಂದು ತೋರಿಸ್ತಿದೆ." ಡಾಕ್ಟರಿಗೆ ಆಗಲೇ ಫೋನ್ ಮಾಡಿದ್ದರು. ಜೇನುತುಪ್ಪವನ್ನೋ ಸಕ್ಕರೆಪಾಕವನ್ನೋ ತಕ್ಷಣ ವಸಡಿಗೆ ಉಜ್ಜಿ ಕರೆತನ್ನಿ ಎಂದಿದ್ದರಂತೆ. ನಮ್ಮ ಮನೆಯಲ್ಲಿ ಜೇನಿನ ಸೀಸೆ ಚಳಿಗೆ ಕಲ್ಲಾಗಿ ಕೂತಿತ್ತು. ಶೈಲಾ ಅದನ್ನು ಚಮಚದಲ್ಲಿ ಕುಟ್ಟುತ್ತಾ ಅತ್ತ ಸದ್ದು ಮೇಲಿನ ಮನೆಗೆ ಕೇಳಿತು. ಮಾಸಿಮಾ ಮಂಡಿನೋವನ್ನೂ ಲೆಕ್ಕಿಸದೆ ಇಳಿದು ಬಂದರು. ಒಂದು ಕ್ಷಣ ನೋಡಿದರು, ಮತ್ತೆ ಹತ್ತಿದರು, ಕೈಯಲ್ಲಿ ನೊಲೆನ್ ಗುಡ್‌ನ ಬಾಟಲಿ ಹಿಡಿದು ಇಳಿದರು. ಚಳಿಗಾಲದಲ್ಲಿ ಇಲ್ಲಿ ಸಿಗುವ ಖರ್ಜೂರದ ಮರದ ಬೆಲ್ಲ ಅದು, ನಮ್ಮ ಜೋನಿಬೆಲ್ಲದ ಹಾಗೆ ಹರಿಯುವಂಥದ್ದು. ನೆಲದ ಮೇಲೆ ಕೂತು, ಬೆಕ್ಕಿನ ತುಟಿ ಎತ್ತಿ, ಬೆರಳಲ್ಲಿ ಬೆಲ್ಲ ಅದ್ದಿ ಅದ್ದಿ ವಸಡಿಗೆ ಹಚ್ಚುತ್ತಾ, "ಖಾ ಬಾಬಾ, ಖಾ", ತಿನ್ನು ಮಗು ತಿನ್ನು, ಎನ್ನುತ್ತಿದ್ದರು. ಅವರ ಆ ಮಾತು ನನಗೆ ಫೋನಿನಲ್ಲಿ ಕೇಳಿಸುತ್ತಿತ್ತು.

ನಾನು ಪಟ್ನಾದ ಆ ಕಚೇರಿಯ ಕಾರಿಡಾರಿನಲ್ಲಿ ಗೋಡೆಗೆ ಆತುಕೊಂಡು ನಿಂತಿದ್ದೆ. ಚುಚ್ಚಿದವಳು ಶೈಲಾ, ಆದರೆ ಮೂರು ಎಂದವನು ನಾನು. ಕೇಳಿ ಎಂದು ಡಾಕ್ಟರು ಹೇಳಿದ್ದರು, ಕೇಳಲಾ ಎಂದು ಹೆಂಡತಿ ಕೇಳಿದ್ದಳು. ಆ ಬೆಕ್ಕು ಸತ್ತರೆ ನನ್ನ ಮಗಳ ಮುಖವನ್ನು ನಾನು ಹೇಗೆ ನೋಡಲಿ ಎಂಬುದೊಂದೇ ಯೋಚನೆ. ಇಪ್ಪತ್ತು ನಿಮಿಷದ ಮೇಲೆ ಅನಘಾಳ ಧ್ವನಿ ಬಂತು. "ಅಪ್ಪ, ತಲೆ ಎತ್ತಿದ. ಮಾಸಿಮಾ ಬೆರಳು ನೆಕ್ತಿದಾನೆ." ನನಗೆ ಅಲ್ಲೇ ಕಣ್ಣೀರು ಬಂತು. ಪಕ್ಕದಲ್ಲಿ ಹಾದುಹೋದ ಅಧಿಕಾರಿಯೊಬ್ಬರು, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಕೇಳಿದರು. ಬೆಕ್ಕು ಎನ್ನಲು ಬಾಯಿ ಬರದೆ "ಚಿಕ್ಕ ಮಗ" ಎಂದೆ. ಅವರು ರಜೆ ಕೊಡಿಸಿದರು.

ಗುರುವಾರ ಸಂಜೆ ಹೌರಾದಲ್ಲಿ ಇಳಿದು ಮನೆ ಸೇರಿದೆ. ಫುಚ್ಕಾ ಸೋಫಾದ ಕೆಳಗಿನಿಂದ ನನ್ನನ್ನು ನೋಡಿದ, ಎದ್ದು ಬರಲಿಲ್ಲ. ಡಾಕ್ಟರು ಡೋಸನ್ನು ಒಂದು ಯೂನಿಟ್ಟಿಗೆ ಇಳಿಸಿದ್ದರು. ಜೊತೆಗೆ ಒಂದು ಪ್ರಶ್ನೆಯನ್ನೂ ಕಳಿಸಿದ್ದರು. "ಸೋಮವಾರದಿಂದ ನಿಮ್ಮ ಮನೆಯಲ್ಲಿ ಏನು ಬದಲಾಯಿತು?" ಶೈಲಾ ತುಂಬ ಯೋಚಿಸಿ ಉತ್ತರ ಕೊಟ್ಟಿದ್ದಳಂತೆ: "ಏನೂ ಇಲ್ಲ. ನಮ್ಮನೆಯವರು ಊರಲ್ಲಿರಲಿಲ್ಲ, ಅಷ್ಟೇ." ಅದನ್ನು ಕೇಳಿ ನಾನು ನಕ್ಕೆ. ಯಜಮಾನ ಇಲ್ಲದ ನೆಮ್ಮದಿಗೆ ಸಕ್ಕರೆ ಇಳಿಯುವುದುಂಟೆ?

ಶುಕ್ರವಾರ ಬೆಳಿಗ್ಗೆ ಎಂದಿನಂತೆ ಮೊಸರನ್ನ ಕಲಸಿ, ಉಂಡೆ ಕಟ್ಟಿ, ಬಾಲ್ಕನಿಯ ಕಟ್ಟೆಯ ಮೇಲೆ ಇಟ್ಟೆ. ನಾಲ್ಕು ದಿನದ ಬಾಕಿಗೆಂದು ಉಂಡೆ ಸ್ವಲ್ಪ ದೊಡ್ಡದೇ ಇತ್ತು. "ಕಾ... ಕಾ..." ಎಂದು ಕೂಗಿ ಒಳಗೆ ತಿರುಗಿದೆ. ನನ್ನ ಕಾಲಿನ ಪಕ್ಕದಿಂದ ಏನೋ ಬೂದು ಬಣ್ಣದ್ದು ಸರ್ರನೆ ಹೋಯಿತು. ಅಡುಗೆಮನೆಯಲ್ಲಿ ನಿಂತಿದ್ದ ಅನಘಾ ಬಾಯಿ ತೆರೆದುಕೊಂಡು ನನ್ನ ಹಿಂದೆ ನೋಡುತ್ತಿದ್ದಳು.

"ಅಪ್ಪ, ಹಿಂದೆ ನೋಡು."

"ನೋಡಬಾರದು ಕಣೆ. ಅಜ್ಜಿ ಹೇಳಿದಾರೆ."

"ಅಜ್ಜಿನೇ ಹೇಳ್ತಿದಾರೆ ಅಂದ್ಕೋ. ಪ್ಲೀಸ್, ನೋಡು!"

ನಾಲ್ಕು ವರ್ಷದಲ್ಲಿ ಮೊದಲ ಸಲ ಹಿಂದಿರುಗಿ ನೋಡಿದೆ. ಸೋಫಾದ ಕೆಳಗಿನಿಂದ ಎದ್ದು ಬರಲಾರದೆ ಮಲಗಿದ್ದ ರೋಗಿ, ಬಾಲ ನೆಟ್ಟಗೆ ನಿಲ್ಲಿಸಿ, ಕಟ್ಟೆಯ ಮೇಲೆ ಕೂತು, ನನ್ನ ಹಿರಿಯರ ಪಾಲನ್ನು ಚಪ್ಪರಿಸುತ್ತಿದ್ದ. ಎದುರಿನ ತಂತಿಯ ಮೇಲೆ ಎರಡು ಕಾಗೆಗಳು ಕೂತಿದ್ದವು. ಮೀನು ಮಾರುಕಟ್ಟೆಯ ಮೇಲೆ ಬದುಕುವ ಕಾಗೆಗಳು. ಮೊಸರನ್ನದ ಕಡೆಗೆ ಅವು ಕತ್ತು ಕೂಡ ತಿರುಗಿಸಲಿಲ್ಲ. 'ಕಾ ಕಾ' ಎಂದರೆ ಕಾಗೆಯನ್ನು ಕರೆಯುವುದು ಎಂದು ತಿಳಿದಿದ್ದವನು ಆ ಬಾಲ್ಕನಿಯಲ್ಲಿ ನಾನೊಬ್ಬನೇ. ಫುಚ್ಕಾನ ಪಾಲಿಗೆ ಅದು ತಿಂಡಿಯ ಗಂಟೆ. ಏಳು ಗಂಟೆಗೆ ನಾನೇ ಇನ್ಸುಲಿನ್ ಚುಚ್ಚುತ್ತಿದ್ದೆ, ಏಳೂವರೆಗೆ ನಾನೇ ಅನ್ನ ಉಣಿಸಿ ಅದನ್ನು ಹಾಳು ಮಾಡುತ್ತಿದ್ದೆ, ಸಂಜೆ ಬಂದು ಲೋಕವನ್ನೆಲ್ಲ ಶಂಕಿಸುತ್ತಿದ್ದೆ. ನಾನು ಊರು ಬಿಟ್ಟ ಮೇಲಷ್ಟೇ ಆ ಪ್ರಾಣಿಯ ಆಹಾರ ನಿಜವಾಗಿ ಬದಲಾದದ್ದು. ಇನ್ಸುಲಿನ್ ಮಾತ್ರ ಹಾಗೇ ಉಳಿದಿತ್ತು.

ಅನಘಾ ಉಂಡೆಯನ್ನು ಕಿತ್ತುಕೊಂಡಳು. ಶೈಲಾ ಡಾಕ್ಟರಿಗೆ ಫೋನ್ ಮಾಡಿದಳು. ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಬೆಕ್ಕಿನ ವಿಷಯದ ನಾಚಿಕೆ ಒಂದು ಕಡೆ. ಆದರೆ ಅದಕ್ಕಿಂತ ಹೆಚ್ಚು ನೋಯಿಸಿದ್ದು ಆ ಖಾಲಿ ಕಟ್ಟೆ. ಅಷ್ಟು ದಿನ ಬೆಳಿಗ್ಗೆ ಅಮ್ಮ ಬಂದು ಹೋಗಿದ್ದಾರೆ ಎಂದುಕೊಂಡಿದ್ದೆನಲ್ಲ, ಒಂದು ದಿನವೂ ಬಂದಿರಲಿಲ್ಲವೇ? ಶೈಲಾಳಿಗೆ ನಾನು ಹೇಳದೆಯೇ ಅದು ಅರ್ಥವಾಯಿತು. ಕಾಫಿ ಲೋಟ ಕೈಗೆ ಕೊಟ್ಟು ಅಂದಳು: "ಸಕ್ಕರೆ ಕಾಯಿಲೆ ಇಟ್ಕೊಂಡು, ಡಾಕ್ಟ್ರ ಮಾತು ಮೀರಿ, ನೀವು ಆ ಕಡೆ ತಿರುಗಿದ ತಕ್ಷಣ ಕದ್ದು ಮೊಸರನ್ನ ತಿನ್ನೋರು ನಮ್ಮನೇಲಿ ಇನ್ಯಾರಿದ್ರು ಹೇಳಿ? ಅತ್ತೆ ಬಂದೇ ಇಲ್ಲ ಅಂತ ಹೇಗೆ ಹೇಳ್ತೀರಾ?" ನನಗೆ ನಗುವೂ ಬಂತು, ಅಳುವೂ ಬಂತು. ಫುಚ್ಕಾ ಮೀಸೆಯ ಮೇಲಿನ ಮೊಸರನ್ನು ನೆಕ್ಕುತ್ತಾ ನನ್ನನ್ನೇ ನೋಡುತ್ತಿದ್ದ. ಒಂದೇ ತುತ್ತು ಕಣೋ ಎನ್ನುವ ಹಾಗಿತ್ತು ಆ ನೋಟ.

ಅಂದೇ ಮಾಸಿಮಾ ಬಳಿಗೆ ಹೋದೆ. ಈ ಸಲ ಬಾಯಲ್ಲೇ ಹೇಳಲು. ಎಲ್ಲವನ್ನೂ ಕೇಳಿದ ಮೇಲೆ ಅವರು ಹಿಂದಿ ಬಂಗಾಳಿ ಬೆರೆಸಿ ಹೇಳಿದ್ದರ ಸಾರಾಂಶ ಇಷ್ಟು: "ಅವನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದ ದಿನವೇ ಸಂದೇಶ್ ನಿಲ್ಲಿಸಿದೆ. ನನಗೂ ಅದೇ ಕಾಯಿಲೆ, ನನಗೆ ತಿಳಿಯೋದಿಲ್ಲವೇ? ಗುರುವಾರ ಅವನು ಬಂದು ಕೂತರೆ ಬಾಗಿಲು ಮುಚ್ಚಿ ಒಳಗೆ ಕೂತು ಅಳುತ್ತಿದ್ದೆ. ನಿಮ್ಮ ನೋಟೀಸು ಓದಿದ ದಿನ ಇನ್ನೊಂದು ಸಲ ಅತ್ತೆ." ನಾನು ಕೈ ಮುಗಿದೆ. ಈಗಲೇ ಆ ಹಾಳೆ ಕಿತ್ತು ಹಾಕುತ್ತೇನೆ ಎಂದೆ. ಅವರು ತಲೆಯಾಡಿಸಿದರು. "ಕೀಳಬೇಡಿ. ನಿಯಮ ಸರಿಯಾಗಿಯೇ ಇದೆ. ಯಾರಿಗೆ ಅನ್ವಯಿಸುತ್ತದೆ ಅನ್ನೋದು ಮಾತ್ರ ತಿದ್ದಿ."

ಆಮೇಲಿನದೆಲ್ಲ ಒಳ್ಳೆಯ ಸುದ್ದಿ. ಒಂದು ಯೂನಿಟ್ಟು ಅರ್ಧವಾಯಿತು, ಡಾಕ್ಟರು ದಿನ ದಿನ ನೋಡಿ ನೋಡಿ ಅದನ್ನೂ ನಿಲ್ಲಿಸಿದರು. ಇನ್ಸುಲಿನ್ ಇಲ್ಲದೆ ಇವತ್ತಿಗೆ ಆರನೇ ವಾರ, ಬೆಳಿಗ್ಗೆ ನೂರ ಹತ್ತು ಇತ್ತು. ಮತ್ತೆ ಬರಲೂಬಹುದು, ನಿಗಾ ಇರಲಿ ಎಂದಿದ್ದಾರೆ. ನಿಗಾಕ್ಕೆ ಕೊರತೆಯಿಲ್ಲ. ಕಾಗೆಯ ಅನ್ನ ಈಗ ತಾರಸಿಗೆ ವರ್ಗವಾಗಿದೆ. ಬಟ್ಟಲು ಹಿಡಿದು ನಾನು ಮೆಟ್ಟಿಲು ಹತ್ತುವಾಗ ಮಾಸಿಮಾ ಬಾಗಿಲು ತೆರೆದು, ನನ್ನ ಹಿಂದೆ ಬೂದು ಬಾಲವೇನಾದರೂ ಬರುತ್ತಿದೆಯೇ ಎಂದು ನೋಡುತ್ತಾರೆ. ಇಳಿದು ಬರುವಾಗ ಖಾಲಿ ಬಟ್ಟಲನ್ನು ಅವರಿಗೆ ತೋರಿಸಿಯೇ ಬರಬೇಕು. ತಾರಸಿಯಲ್ಲಿ ನಾನೀಗ ಅಮ್ಮನ ಅಪ್ಪಣೆ ಮೀರಿ ಹಿಂದಿರುಗಿ ನೋಡುತ್ತೇನೆ. ಮೊನ್ನೆ ಮೊದಲ ಸಲ ಮುದಿ ಕಾಗೆಯೊಂದು ಬಂದು, ಎರಡು ಸಲ ಕೊಕ್ಕಿನಲ್ಲಿ ಹೆಕ್ಕಿ ತಿಂದು, ನನ್ನನ್ನು ಗದರಿಸುವ ಹಾಗೆ ಕೂಗಿ ಹೋಯಿತು. ತಕ್ಷಣ ಕೆಳಗಿನ ಮಹಡಿಯಿಂದ ಬೆಕ್ಕಿನ ಆರ್ತನಾದ ಕೇಳಿಸಿತು.

ನೋಟೀಸು ಇನ್ನೂ ಮೆಟ್ಟಿಲ ತಿರುವಿನಲ್ಲಿಯೇ ಇದೆ, ನನ್ನ ಸಹಿಯೂ ಇದೆ. ಅದರ ಕೆಳಗೆ, ಮಾಸಿಮಾ ಎದುರಿಗೆ ನಿಂತು ಬರೆಸಿದ ತಿದ್ದುಪಡಿಯ ಒಂದು ಸಾಲು, ನನ್ನದೇ ಅಕ್ಷರದಲ್ಲಿ: "ಈ ಸೂಚನೆಯು ಇದನ್ನು ಬರೆದವರಿಗೆ ಮಾತ್ರ ಅನ್ವಯಿಸುತ್ತದೆ."